ಎಲುಬು ಸಿಕ್ಕಿತು, ಹೆಸರು ಸಿಗಲಿಲ್ಲ

ಕೊಲೆಯನ್ನು ಬಲ್ಲವನೊಬ್ಬ ಹೆಣ ಹೂತ ಜಾಗವನ್ನು ತೋರಿಸಲು ಮುಂದೆ ಬರುತ್ತಾನೆ. ಆದರೆ ಕೊಂದವರು ಯಾರೆಂದು ಕೇಳಬಾರದೆಂಬುದು ಷರತ್ತು. ಓದುಗರೇ, ಸತ್ತವನು ನಿಮ್ಮ ಮಗನಾಗಿದ್ದರೆ ಈ ಷರತ್ತಿಗೆ ಒಪ್ಪುತ್ತಿದ್ದಿರಾ?

ಟರ್ಕಿಯ ಲೇಖಕಿ ಎಲಿಫ್ ಶಫಾಕ್ ಇಂಗ್ಲಿಷಿನಲ್ಲಿ ಬರೆದು 2021ರಲ್ಲಿ ಪ್ರಕಟವಾದ 'ದಿ ಐಲ್ಯಾಂಡ್ ಆಫ್ ಮಿಸ್ಸಿಂಗ್ ಟ್ರೀಸ್' ಕಾದಂಬರಿ ಓದಿದಾಗ ಈ ಪ್ರಶ್ನೆ ಮನಸ್ಸನ್ನು ಕಾಡಿತು. ಕಥೆ ನಡೆಯುವುದು ಸೈಪ್ರಸ್ ದ್ವೀಪದಲ್ಲಿ. 1974ರಲ್ಲಿ ಗ್ರೀಕ್ ಹುಡುಗ ಕೋಸ್ಟಾಸ್ ಮತ್ತು ತುರ್ಕಿ ಹುಡುಗಿ ದೆಫ್ನೆ ಗುಟ್ಟಾಗಿ ಭೇಟಿಯಾಗುತ್ತಾರೆ. ಯುದ್ಧ ಅವರನ್ನು ಅಗಲಿಸುತ್ತದೆ. ಆ ಪ್ರೇಮದ ರೀತಿಯನ್ನು ನಾವು ಒಪ್ಪಬೇಕಾಗಿಲ್ಲ. ಕಥೆಯ ಒಂದು ಪಾಲನ್ನು ಅಂಜೂರದ ಮರವೇ ಹೇಳುವುದು ನನಗೆ ಅಲ್ಲಲ್ಲಿ ಅತಿಯೆನಿಸಿತು. ಆದರೆ ವರ್ಷಗಳ ಬಳಿಕ ಕೋಸ್ಟಾಸ್ ಮರಳಿದಾಗ ದೆಫ್ನೆ ಮಾಡುತ್ತಿದ್ದ ಕೆಲಸವಿದೆಯಲ್ಲ, ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆಕೆ ನಾಪತ್ತೆಯಾದವರ ಎಲುಬುಗಳನ್ನು ಹುಡುಕಿ ನೆಲ ಅಗೆಯುತ್ತಿದ್ದಳು.

ಇದು ಕಲ್ಪನೆಯಲ್ಲ. 1963-64ರ ಗಲಭೆ ಮತ್ತು 1974ರ ಯುದ್ಧದಲ್ಲಿ ಕಾಣೆಯಾದವರ ಪಟ್ಟಿಯಲ್ಲಿ 2002 ಹೆಸರುಗಳಿವೆ: 1510 ಗ್ರೀಕರು, 492 ತುರ್ಕಿಗಳು. ಎರಡೂ ಸಮುದಾಯಗಳು 1981ರಲ್ಲಿ ವಿಶ್ವಸಂಸ್ಥೆಯ ಸಹಭಾಗಿತ್ವದಲ್ಲಿ ಒಂದು ಸಮಿತಿ ರಚಿಸಿಕೊಂಡವು. ಅಗೆಯುವ ಕೆಲಸ ವ್ಯವಸ್ಥಿತವಾಗಿ ಆರಂಭವಾಗಲು 2006 ಬರಬೇಕಾಯಿತು! ಇಂದು ಗ್ರೀಕ್ ಮತ್ತು ತುರ್ಕಿ ವಿಜ್ಞಾನಿಗಳು ಒಂದೇ ಗುಂಡಿಯಲ್ಲಿ ಮಂಡಿಯೂರಿ ಮಣ್ಣು ಸರಿಸುತ್ತಾರೆ. ಡಿಎನ್‌ಎ ಪರೀಕ್ಷೆಯಿಂದ ಗುರುತಿಸಿದ ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳು ಮನೆಯವರ ಕೈಸೇರಿವೆ. ಆದರೆ ಯಾರು ಕೊಂದರು, ಹೇಗೆ ಸತ್ತರು ಎಂಬುದನ್ನು ಸಮಿತಿ ನಿರ್ಣಯಿಸುವುದಿಲ್ಲ. ಮಾಹಿತಿ ಕೊಟ್ಟವರ ಹೆಸರೂ ಗುಟ್ಟು.

ಸತ್ತವರನ್ನು ಗೌರವದಿಂದ ದಫನ ಮಾಡುವುದು ಬದುಕಿರುವವರ ಮೇಲಿನ ಹಕ್ಕೆಂದು ನಾವು ಬಲ್ಲೆವು. ಸಹೋದರನನ್ನು ಕೊಂದ ಕಾಬೀಲನಿಗೂ ಅದನ್ನು ಕಲಿಸಲು ಅಲ್ಲಾಹನು ಒಂದು ಕಾಗೆಯನ್ನು ಕಳುಹಿಸಿದನು. ಆದರೆ ಶರೀಅತ್ ಇನ್ನೊಂದನ್ನೂ ಹೇಳುತ್ತದೆ. ಪ್ರತೀಕಾರ, ಪರಿಹಾರಧನ, ಕ್ಷಮೆ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಸತ್ತವನ ವಾರಸುದಾರರ ಹಕ್ಕು. ಅವರ ಪರವಾಗಿ ಬೇರೆ ಯಾರೂ ಕ್ಷಮಿಸುವಂತಿಲ್ಲ. ಹೆಸರೇ ತಿಳಿಯದವನನ್ನು ತಾಯಿ ಕ್ಷಮಿಸುವುದಾದರೂ ಹೇಗೆ?

ಹಾಗೆಂದು ಹೆಸರಿಗಾಗಿ ಹಟ ಹಿಡಿದರೆ, ಬಾವಿಯ ಜಾಗ ಬಲ್ಲ ಮುದುಕ ಬಾಯಿ ಬಿಡುವುದಿಲ್ಲ. ಮೊದಲು ಎಲುಬನ್ನು ಕೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನೇ ರಾಜಿ ಎಂದು ಕರೆಯುವವರು ಅವಸರ ಮಾಡುತ್ತಿದ್ದಾರೆ. ತಾಯಿಯ ಹಕ್ಕು ಬಾಕಿಯೇ ಇದೆ; ಅದನ್ನು ಮುಂದಕ್ಕೆ ಹಾಕಲಾಗಿದೆ, ಅಷ್ಟೆ.

ಮೌನದಿಂದ ಶಾಂತಿ ಬರುತ್ತದೆಂದು ಕಾದಂಬರಿಯ ದಂಪತಿಯೂ ನಂಬಿದ್ದರು. ಲಂಡನ್ನಿನಲ್ಲಿ ಬೆಳೆದ ಮಗಳಿಗೆ ಹಳೆಯದನ್ನೇನೂ ಹೇಳಲಿಲ್ಲ. ಆ ಹುಡುಗಿ ಒಂದು ದಿನ ಶಾಲೆಯ ತರಗತಿಯಲ್ಲಿ ಎದ್ದು ನಿಂತು ಕಿರುಚುತ್ತಾಳೆ.

ಪಟ್ಟಿಯಲ್ಲಿ ಇನ್ನೂ ನೂರಾರು ಹೆಸರುಗಳು ಉಳಿದಿವೆ. ಅವರನ್ನು ಹೂತ ಜಾಗವನ್ನು ಬಲ್ಲವರು ಈಗ ಮುದುಕರಾಗಿದ್ದಾರೆ, ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ.