ಸವೆದ ವಸ್ತುವಿನ ನ್ಯಾಯಮೂಲ್ಯ

ಬೆಲೆಯೆಂಬುದು ವಸ್ತುವಿನಲ್ಲಿಯೇ ನೆಲಸಿರುವ ಗುಣವೋ, ಅಥವಾ ಕೊಡುವವನ ಮತ್ತು ಕೊಳ್ಳುವವನ ಮನಸ್ಸುಗಳು ಸಂಧಿಸುವ ಒಂದು ಸ್ಥಾನವೋ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಅಕ್ಕಿ, ಬೆಲ್ಲ, ಎಣ್ಣೆ ಮೊದಲಾದುವನ್ನು ಕೊಳ್ಳುವಾಗ ಈ ಪ್ರಶ್ನೆಯು ಯಾರನ್ನೂ ಅಷ್ಟಾಗಿ ಬಾಧಿಸುವುದಿಲ್ಲ. ಅಲ್ಲಿ ಅಳತೆಯುಂಟು, ತೂಕವುಂಟು, ನಾಲ್ಕು ಅಂಗಡಿಗಳ ಧಾರಣೆಯುಂಟು. ಹೊಸದಾದ ಮೋಟಾರು ಕಾರಿಗೂ ಕಂಪೆನಿಯವರು ಬೆಲೆಯನ್ನು ಪ್ರಕಟಿಸಿರುತ್ತಾರೆ. ಆದರೆ ಒಬ್ಬನು ಕೆಲವು ವರ್ಷ ಬಳಸಿದ ವಸ್ತುವನ್ನು ಮತ್ತೊಬ್ಬನು ಕೊಳ್ಳಹೊರಟಾಗ ಈ ಅಳತೆಗಳೆಲ್ಲವೂ ಸಡಿಲವಾಗುತ್ತವೆ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಟ ಎರಡು ಕಾರುಗಳು ಐದು ವರ್ಷಗಳ ಮೇಲೆ ಒಂದೇ ರೀತಿಯಾಗಿ ಇರುವುದಿಲ್ಲ. ಅವುಗಳಲ್ಲಿ ಒಂದಕ್ಕೆ ಇಷ್ಟೇ ನ್ಯಾಯವಾದ ಬೆಲೆಯೆಂದು ಹೇಳುವುದಕ್ಕೆ ಆಧಾರವೇನು?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರುಗಳಲ್ಲಿ ಈ ಪ್ರಶ್ನೆಯು ಹಿಂದೆ ಎತ್ತುಗಳ ವ್ಯಾಪಾರದಲ್ಲಿ ಏಳುತ್ತಿದ್ದಿತು. ಇಂದು ಹಳೆಯ ಕಾರುಗಳ ವ್ಯಾಪಾರದಲ್ಲಿ ಏಳುತ್ತಿದೆ. ಆಸ್ಪತ್ರೆಗೆಂದು ಹಾಸನಕ್ಕೂ, ಮನೆಯ ಕಾರ್ಯಗಳಿಗೆಂದು ಬೇಲೂರಿಗೂ ಓಡಾಡುವ ಸಂಸಾರಕ್ಕೆ ಹೊಸ ಕಾರನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೆ ಹಳೆಯದೇ ಗತಿ. ದನಗಳ ಜಾತ್ರೆಯಲ್ಲಿ ದಳ್ಳಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಸೂಚಿಸುತ್ತಿದ್ದನು. ಬೆಲೆ ಗುಟ್ಟಾಗಿದ್ದರೂ ಎತ್ತು ಮಾತ್ರ ಬಯಲಿನಲ್ಲಿ ನಿಂತಿರುತ್ತಿತ್ತು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿತೋ ಎಂದು ತಿಳಿದವನು ಬಾಯಿ ತೆರೆದು ನೋಡುತ್ತಿದ್ದನು, ಸುಳಿ ನೋಡುತ್ತಿದ್ದನು, ನೊಗಕ್ಕೆ ಕಟ್ಟಿ ನಡಸಿ ನೋಡುತ್ತಿದ್ದನು. ಕಾರಿನಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಬೆಲೆಯನ್ನು ಎಲ್ಲರೂ ಬಹಿರಂಗವಾಗಿ ಆಡುತ್ತಾರೆ. ವಸ್ತುವಿನ ನಿಜಸ್ಥಿತಿಯು ಬಣ್ಣದ ಕೆಳಗೆ ಅಡಗಿರುತ್ತದೆ. ಎತ್ತಿನ ಹಲ್ಲನ್ನು ಹಿಂದಕ್ಕೆ ಎಳೆದು ಚಿಕ್ಕದು ಮಾಡಲು ಯಾರಿಂದಲೂ ಆಗದು. ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಬಲ್ಲ ಕೈಗಳು ಮಾತ್ರ ಉಂಟು.

ಉದಾಹರಣೆಗೆ, ಗೆಂಡೆಹಳ್ಳಿಯ ಗೃಹಸ್ಥನೊಬ್ಬನು 6,40,000 ರೂಪಾಯಿಗೆ ಕೊಂಡ ಕಾರನ್ನು ಐದು ವರ್ಷ ತುಂಬುತ್ತಿರುವಾಗ ಮಾರಲು ನಿಶ್ಚಯಿಸಿದನೆಂದೂ, ಅದೇ ಊರಿನ ಉಪಾಧ್ಯಾಯನೊಬ್ಬನು ಕೂಡಿಟ್ಟ ಹಣದಿಂದ ಅದನ್ನು ಕೊಳ್ಳಲು ಬಂದನೆಂದೂ ಊಹಿಸಬಹುದು. ಆ ಮಾದರಿಯ ಹೊಸ ಕಾರಿನ ಬೆಲೆಯು ಇಂದಿಗೂ ಅಷ್ಟೇ ಇದೆಯೆನ್ನೋಣ. ಮಾರುವವನು 3,50,000 ರೂಪಾಯಿ ಕೇಳುತ್ತಾನೆ. ಕೊಳ್ಳುವವನು ಲೆಕ್ಕದ ಕೋಷ್ಟಕಗಳನ್ನು ಆಶ್ರಯಿಸುತ್ತಾನೆ. 2002ರ ಭಾರತೀಯ ಮೋಟಾರು ವಿಮೆಯ ದರಪಟ್ಟಿಯು ವಾಹನದ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ನೂರಕ್ಕೆ 5, ವರ್ಷ ತುಂಬುವುದರೊಳಗೆ 15, ಎರಡನೆಯ ವರ್ಷದಲ್ಲಿ 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50 ಎಂದು ಸವಕಳಿಯನ್ನು ಕಳೆಯುತ್ತದೆ. ಆ ಪ್ರಕಾರ ಈ ಕಾರಿನ ಬೆಲೆ 3,20,000. ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯ ನಿಯಮವು ಪ್ರತಿವರ್ಷವೂ ಉಳಿದ ಮೊತ್ತದಲ್ಲಿ ನೂರಕ್ಕೆ 15ನ್ನು ಕಳೆಯುತ್ತದೆ. ಆ ರೀತಿಯಲ್ಲಿ ಐದು ಸಲ ಕಳೆದರೆ ಸುಮಾರು 2,84,000 ಉಳಿಯುತ್ತದೆ. ಒಂದೇ ಕಾರು, ಒಂದೇ ವಯಸ್ಸು. ಆದರೂ ಎರಡು ಲೆಕ್ಕಗಳ ನಡುವೆ 36,000 ರೂಪಾಯಿಗಳ ಅಂತರ.

ಇಂಥ ಕೋಷ್ಟಕವು ಆಧುನಿಕರ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ನಾರದಸ್ಮೃತಿಯು ಬಟ್ಟೆಯ ವಿಷಯದಲ್ಲಿ ಇದನ್ನೇ ಮಾಡಿದೆ. ಒಂದು ಸಲ ಒಗೆದ ವಸ್ತ್ರಕ್ಕೆ ಬೆಲೆಯ ಎಂಟನೆಯ ಒಂದು ಭಾಗ, ಎರಡು ಸಲ ಒಗೆದುದಕ್ಕೆ ಕಾಲುಭಾಗ, ಮೂರು ಸಲಕ್ಕೆ ಮೂರನೆಯ ಒಂದು ಭಾಗ, ನಾಲ್ಕು ಸಲಕ್ಕೆ ಅರ್ಧ ಇಳಿಯುವುದೆಂದೂ, ಅಲ್ಲಿಂದ ಮುಂದೆ ಅಂಚು ಸವೆಯುವವರೆಗೆ ಕ್ರಮವಾಗಿ ಕಾಲುಭಾಗ ಇಳಿಯುವುದೆಂದೂ ಅಲ್ಲಿ ಹೇಳಿದೆ. ಪೂರ್ತಿಯಾಗಿ ಜೀರ್ಣವಾದ ಬಟ್ಟೆಗೆ ಮಾತ್ರ ಯಾವ ನಿಯಮವೂ ಇಲ್ಲವೆಂದು ಸ್ಮೃತಿಕಾರನು ಕೈಬಿಟ್ಟಿದ್ದಾನೆ. ಮೇಲೆ ಹೇಳಿದ ವಿಮೆಯ ದರಪಟ್ಟಿಯೂ ಐದು ವರ್ಷ ದಾಟಿದ ವಾಹನದ ಬೆಲೆಯನ್ನು ಉಭಯರ ಒಪ್ಪಿಗೆಗೆ ಬಿಟ್ಟಿದೆ. ಕಾಲವು ಮಾಡುವ ಸಾಮಾನ್ಯವಾದ ಸವಕಳಿಯನ್ನು ಗಣಿತವು ಒಂದು ಮೇರೆಯವರೆಗೆ ಅಳೆಯಬಲ್ಲದು. ಆ ಮೇರೆಯನ್ನು ದಾಟಿದಮೇಲೆ ಇಬ್ಬರು ಮನುಷ್ಯರು ಎದುರುಬದುರಾಗಿ ಕುಳಿತು ಇತ್ಯರ್ಥಮಾಡಬೇಕು.

ಈ ಸವಕಳಿಯ ಸ್ವರೂಪವನ್ನು ಇನ್ನೂ ಸ್ವಲ್ಪ ವಿಚಾರಿಸತಕ್ಕದ್ದು. "ಆರು ಲಕ್ಷಕ್ಕೆ ಮೇಲ್ಪಟ್ಟು ಕೊಟ್ಟಿದ್ದೇನೆ, ನನಗೆ ಇಷ್ಟು ನಷ್ಟವಾಗಬೇಕೆ?" ಎಂದು ಮಾರುವವನು ಕೇಳುವುದುಂಟು. ಇಲ್ಲಿ ನಷ್ಟವೆಂಬ ಶಬ್ದವು ಸರಿಯಲ್ಲ. ಐದು ವರ್ಷ ಆತನ ಮಕ್ಕಳು ಅದರಲ್ಲಿ ಶಾಲೆಗೆ ಹೋದರು; ತಾಯಿಯು ಆಸ್ಪತ್ರೆಗೆ ಹೋದಳು; ಮಳೆಯಲ್ಲಿ ನೆನೆಯದೆ ನೆಂಟರಿಷ್ಟರು ಮನೆ ಸೇರಿದರು. ಇಳಿದ ಬೆಲೆಯ ಬಹುಭಾಗವು ಹೀಗೆ ಅನುಭವಿಸಿ ಮುಗಿಸಿದ ಫಲ. ಉಂಡ ಊಟದ ಖರ್ಚನ್ನು ಮುಂದಿನ ಪಂಕ್ತಿಗೆ ಕುಳಿತವನಿಂದ ಕೇಳುವುದು ಯುಕ್ತವಲ್ಲ. ಹಾಗೆಯೇ ಕೊಳ್ಳುವವನೂ ವಯಸ್ಸಿನ ಸಹಜವಾದ ಸವಕಳಿಯನ್ನು ಒಮ್ಮೆ ಕೋಷ್ಟಕದಿಂದ ಕಳೆದು, ಪುನಃ "ಸೀಟು ಮಾಸಿದೆ, ಬಣ್ಣ ಮಬ್ಬಾಗಿದೆ" ಎಂದು ಎರಡನೆಯ ಸಲ ಕಳೆಯುವುದು ಯುಕ್ತವಲ್ಲ.

ಆದರೆ ಹೊಸ ಕಾರು ಹೆಚ್ಚಾಗಿ ಓಡದಿದ್ದರೂ ಮೊದಲ ವರ್ಷದಲ್ಲಿಯೇ ಅದರ ಬೆಲೆ ಬಹಳ ಇಳಿಯುತ್ತದಷ್ಟೆ. ಈ ಭಾಗವನ್ನು ಉಂಡವರಾರು? ಹೊಸತನದ ಮೋಹವು ಕಳೆದುದು ಒಂದು ಕಾರಣವಾದರೆ, ಸಂಶಯವು ಇನ್ನೊಂದು ಕಾರಣ. "ಇಷ್ಟು ಬೇಗ ಮಾರುತ್ತಿದ್ದಾನೆ, ಏನೋ ದೋಷವಿರಬೇಕು" ಎಂದು ನೋಡಿದವರೆಲ್ಲ ಶಂಕಿಸುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ಹಳೆಯ ಕಾರುಗಳನ್ನೇ ನಿದರ್ಶನವಾಗಿಟ್ಟುಕೊಂಡು ಈ ತತ್ತ್ವವನ್ನು ವಿವರಿಸಿದರು. 2001ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಅವರೊಬ್ಬರು. ಪೇಟೆಯಲ್ಲಿ ಮೂರು ಲಕ್ಷದ ಯೋಗ್ಯತೆಯ ಕಾರುಗಳೂ ಎರಡು ಲಕ್ಷದ ಯೋಗ್ಯತೆಯವೂ ಸಮವಾಗಿ ಬೆರೆತಿದ್ದು, ಕೊಳ್ಳುವವನಿಗೆ ಭೇದವು ತಿಳಿಯದಿದ್ದರೆ, ಅವನು ಎರಡೂವರೆ ಲಕ್ಷಕ್ಕಿಂತ ಹೆಚ್ಚು ಕೊಡಲಾರ. ಒಳ್ಳೆಯ ಕಾರಿನವನು ಆ ಬೆಲೆಗೆ ಒಪ್ಪದೆ ಮನೆಗೆ ಹಿಂತಿರುಗುತ್ತಾನೆ. ಕೆಟ್ಟದ್ದರ ಒಡೆಯನು ಸಂತೋಷದಿಂದ ನಿಲ್ಲುತ್ತಾನೆ. ಕಡೆಗೆ ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಒಬ್ಬನು ಮುಚ್ಚಿಟ್ಟ ದೋಷಕ್ಕೆ ಅವನಿಂದ ಕೊಂಡವನಷ್ಟೇ ದಂಡ ತೆರುವುದಿಲ್ಲ. ಮುಂದೆ ನಿಜವನ್ನೇ ಹೇಳಿ ಮಾರುವ ಸತ್ಯವಂತನೂ ತೆರುತ್ತಾನೆ.

ಹಾಗಾದರೆ ಮಾರುವವನು ತನಗೆ ತಿಳಿದುದನ್ನೆಲ್ಲ ಹೇಳಲೇಬೇಕೆ? ಮೇಲಿನ ಉದಾಹರಣೆಯಲ್ಲಿ, ಕಾರು ನಾಲ್ಕನೆಯ ವರ್ಷದಲ್ಲಿ ಮೋರಿಯ ಕಟ್ಟೆಗೆ ಬಡಿದು, ಮುಂಭಾಗವನ್ನು ರಿಪೇರಿಮಾಡಿಸಿ ಬಣ್ಣ ಬಳಿಸಲಾಗಿತ್ತೆಂದು ಭಾವಿಸಬಹುದು. "ಗಾಡಿ ಚೆನ್ನಾಗಿಯೇ ಓಡುತ್ತಿದೆ, ಹಳೆಯದನ್ನು ಕೆದಕುವುದೇಕೆ?" ಎಂದು ಒಡೆಯನ ಮನಸ್ಸು ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯು ಅವನಿಗೆ ಸ್ವಲ್ಪ ಆಸರೆ ಕೊಡುವಂತೆ ತೋರುತ್ತದೆ. ಅದರ 17ನೆಯ ಕಲಮಿನ ಉದಾಹರಣೆಯಲ್ಲಿ, ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ರೋಗದ ಮಾತೆತ್ತದೆ ಸುಮ್ಮನಿದ್ದರೆ ಅದು ವಂಚನೆಯೆನಿಸದು. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆದರೆ, ಆ ಸಂಬಂಧದ ದೆಸೆಯಿಂದ ಹೇಳುವುದು ಅವನ ಕರ್ತವ್ಯವಾಗುತ್ತದೆ. ಅಲ್ಲದೆ, "ನೀವು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ" ಎಂದು ಕೊಳ್ಳುವವನು ಹೇಳಿದಮೇಲೆ ಮೌನವೂ ಮಾತೇ ಆಗುತ್ತದೆ. "ಅಣ್ಣ, ಎಲ್ಲಿಯಾದರೂ ತಗುಲಿತ್ತೆ?" ಎಂದು ಉಪಾಧ್ಯಾಯನು ಕೇಳಿದ ಕ್ಷಣದಿಂದ ಗೃಹಸ್ಥನು ಮೌನದ ಆಸರೆಯನ್ನು ಕಳೆದುಕೊಳ್ಳುತ್ತಾನೆ.

ಕಾನೂನು ಮಗಳಿಗೆ ಸಲ್ಲಿಸುವ ಸತ್ಯವನ್ನು ಧರ್ಮವು ನೆರೆಯವನಿಗೂ ಸಲ್ಲಿಸೆನ್ನುತ್ತದೆ. ದೋಷವುಳ್ಳ ವಸ್ತುವನ್ನು ನಿರ್ದೋಷವೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಕೊಂಡ ವಸ್ತುವನ್ನು ಪರೀಕ್ಷಿಸುವುದಕ್ಕೆ ಅವಧಿಯನ್ನೂ ಅದು ಗೊತ್ತುಮಾಡಿದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಪಶುವಿಗೆ ಮೂರು ದಿನ, ಹೊರುವ ಎಳೆಯುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬೀಜಕ್ಕೆ ಹತ್ತು ದಿನ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ಪ್ರಸಿದ್ಧವಾದ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಕನ್ನಡನಾಡಿನಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ದೋಷವು ಎಷ್ಟು ಕಾಲದಲ್ಲಿ ಹೊರಬೀಳುವುದೋ ಅಷ್ಟು ಕಾಲ ಕೊಳ್ಳುವವನಿಗೆ ಸಲ್ಲಬೇಕೆಂಬುದು ಈ ಅವಧಿಗಳ ಮರ್ಮವೆಂದು ತೋರುತ್ತದೆ. ಕಾರನ್ನು ಸಂಜೆಯ ಮಬ್ಬಿನಲ್ಲಿ ತೋರಿಸಿ, ಮುಂಗಡಕ್ಕೆ ಅವಸರಪಡಿಸುವವನು ಈ ನ್ಯಾಯವನ್ನೇ ಮೀರುತ್ತಾನೆ. ತಿಳಿದ ಮೆಕ್ಯಾನಿಕ್ಕನಿಗೆ ತೋರಿಸಲು, ಏರಿನಲ್ಲಿ ಓಡಿಸಿ ಕ್ಲಚ್ಚನ್ನು ಪರೀಕ್ಷಿಸಲು, ಅಡಿಯ ತುಕ್ಕನ್ನು ನೋಡಲು, ಸರ್ವೀಸಿನ ದಾಖಲೆಯನ್ನು ಮೀಟರಿನೊಡನೆ ತಾಳೆನೋಡಲು ಅವಕಾಶ ಕೊಡುವುದು ಮಾರುವವನ ಉಪಕಾರವಲ್ಲ, ಅವನ ಋಣ.

ಕೊಳ್ಳುವವನಿಗೂ ಧರ್ಮವುಂಟು. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಬಂದು ಹಣಕ್ಕೆ ತೊಡಕಾದವನ ಕಾರನ್ನು ಆ ತೊಡಕನ್ನೇ ಹಿಡಿದು ಅರ್ಧ ಬೆಲೆಗೆ ಎಳೆಯುವುದು ಚಾತುರ್ಯವೆನಿಸಬಹುದು, ನ್ಯಾಯವೆನಿಸಲಾರದು. ಮಾರುವವನು ಹಿಂದಿನ ತಿಂಗಳು ನಾಲ್ಕು ಟಯರುಗಳನ್ನೂ ಹೊಸದಾಗಿ ಹಾಕಿಸಿದ್ದರೆ ಅದನ್ನು ಬೆಲೆಗೆ ಕೂಡಿಸಿಕೊಳ್ಳಬೇಕು. ಹೆಸರನ್ನು ಬದಲಾಯಿಸಿಕೊಳ್ಳುವುದರಲ್ಲಿ ಉದಾಸೀನ ಮಾಡಲಾಗದು. 1988ರ ಮೋಟಾರು ವಾಹನ ಕಾಯಿದೆಯು ವರ್ಗಾವಣೆಯನ್ನು ತಿಳಿಸಲು ಒಂದೇ ರಾಜ್ಯದೊಳಗೆ ಮಾರಿದವನಿಗೆ 14 ದಿನಗಳನ್ನೂ ಕೊಂಡವನಿಗೆ 30 ದಿನಗಳನ್ನೂ ಕೊಟ್ಟಿದೆ. ವರ್ಗಾವಣೆಯಾಗುವ ಮೊದಲು ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಹೀಗೆ ಹಣ ಎಣಿಸಿಕೊಂಡಮೇಲೂ ಮಾರಿದವನ ಕ್ಷೇಮವು ಕೊಂಡವನ ಪ್ರಾಮಾಣಿಕತೆಯಲ್ಲಿ ಕೆಲವು ಕಾಲ ಅಡಗಿರುತ್ತದೆ.

ಇಷ್ಟರಿಂದ ನ್ಯಾಯವಾದ ಬೆಲೆಯ ಲಕ್ಷಣವನ್ನು ಹೀಗೆ ನಿರ್ಣಯಿಸಬಹುದು: ಮಾರುವವನಿಗೆ ತಿಳಿದುದೆಲ್ಲವೂ ಕೊಳ್ಳುವವನಿಗೂ ತಿಳಿದಮೇಲೆ, ಇಬ್ಬರಲ್ಲಿ ಯಾರೂ ಮತ್ತೊಬ್ಬರ ಸಂಕಟವನ್ನು ಹಿಡಿದು ಜಗ್ಗದೆ ಇರುವಾಗ, ಇಬ್ಬರೂ ಒಪ್ಪುವ ಬೆಲೆಯೇ ನ್ಯಾಯವಾದುದು. ಮೋರಿಗೆ ಬಡಿದ ಸಂಗತಿಯನ್ನು ಗೃಹಸ್ಥನು ಹೇಳಿದನೆಂದೂ, ಮಾತು 2,80,000ಕ್ಕೆ ನಿಂತಿತೆಂದೂ ಇಟ್ಟುಕೊಂಡರೆ, ಕೋಷ್ಟಕದ 3,20,000ದಲ್ಲಿ 40,000 ರೂಪಾಯಿಗಳನ್ನು ಅವನು ಸತ್ಯಕ್ಕಾಗಿ ಕಳೆದುಕೊಂಡನೆಂದು ಲೋಕವು ಹೇಳೀತು. ವಿಚಾರಿಸಿದರೆ ಆ ಹಣವು ಕಾರು ಮೋರಿಗೆ ಬಡಿದ ದಿನವೇ ಹೋದುದು. ಮೌನದಿಂದ ಅದನ್ನು ಪಡೆದಿದ್ದರೆ ಉಪಾಧ್ಯಾಯನ ಉಳಿತಾಯದಿಂದ ತೆಗೆದುಕೊಂಡಂತಾಗುತ್ತಿತ್ತು. ಒಂದೇ ಊರಿನಲ್ಲಿ ಮುಂದೆಯೂ ಪ್ರತಿದಿನ ಆ ಕಾರನ್ನೂ ಅದನ್ನು ಕೊಂಡವನನ್ನೂ ನೋಡುತ್ತ ಬಾಳಬೇಕಾದವನಿಗೆ ಈ ಎರಡರ ಭೇದವು ಯಾವ ಕೋಷ್ಟಕದ ಸಹಾಯವೂ ಇಲ್ಲದೆ ತಿಳಿಯುತ್ತದೆ.