ಬಳೆಗಾರರ ಮನೆಯ ಮಗನೂ ಸತ್ಯಾಣುವ್ರತವೂ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನೊಬ್ಬನು ಐತಿಹಾಸಿಕ ಕಥೆಯನ್ನು ಬರೆಯಬಹುದೇ? ಮೇಲುನೋಟಕ್ಕೆ ಇದು ವಿನೋದದ ಪ್ರಶ್ನೆಯಂತೆ ಕಂಡರೂ ವಿಚಾರಿಸಿ ನೋಡಿದರೆ ಧರ್ಮಸೂಕ್ಷ್ಮವೊಂದು ಇದರಲ್ಲಿ ಅಡಗಿದೆ. ಕಥೆಗಾರನು ತಾನು ಕಾಣದ ಮುಖವನ್ನು ವರ್ಣಿಸುತ್ತಾನೆ. ತಾನು ಕೇಳದ ಮಾತನ್ನು ಒಂದು ಕಾಲದಲ್ಲಿ ನಿಜವಾಗಿಯೂ ಬಾಳಿದ ವ್ಯಕ್ತಿಯ ಬಾಯಲ್ಲಿ ಇಡುತ್ತಾನೆ. ಸಾವಿರ ವರ್ಷಗಳ ಹಿಂದೆ ಆರಿಹೋದ ಮನಸ್ಸಿನೊಳಗೆ ಹೊಕ್ಕು ಅಲ್ಲಿನ ದುಃಖವನ್ನೂ ದ್ವೇಷವನ್ನೂ ಹೊರತರುತ್ತಾನೆ. ಇಲ್ಲದುದನ್ನು ಉಂಟೆಂದು ಹೇಳುವುದು ಅನೃತವಾದರೆ ಇದು ಅನೃತವಾಗದೆ ಇರುವುದು ಹೇಗೆ?

ಜೈನಾಚಾರ್ಯರು ಕಥೆಯನ್ನು ಎಂದೂ ತಿರಸ್ಕರಿಸಿದವರಲ್ಲ. ನಾಲ್ಕು ಅನುಯೋಗಗಳಲ್ಲಿ ಮೊದಲ ಸ್ಥಾನ ಸಂದಿರುವುದು ಪುರಾಣ ಚರಿತೆಗಳ ಪ್ರಥಮಾನುಯೋಗಕ್ಕೆ. ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆಗಳೆಂಬ ವಿಕಥೆಗಳನ್ನು ದೂರವಿಡಬೇಕೆಂದು ವಿಧಿಸಿದ ಆಚಾರ್ಯರೇ ಸಂವೇಗವನ್ನೂ ನಿರ್ವೇದವನ್ನೂ ಹುಟ್ಟಿಸುವ ಧರ್ಮಕಥೆಗಳನ್ನು ಆದರಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಮಾಡಿರುವ ಅಸತ್ಯದ ವಿವೇಚನೆಯಲ್ಲಿಯೂ ಪ್ರಮತ್ತಯೋಗವೇ ಪ್ರಧಾನವಾದುದು. ಕಷಾಯಕ್ಕೆ ವಶವಾದ, ಎಚ್ಚರ ತಪ್ಪಿದ ಮನಸ್ಸಿನಿಂದ ಹೊರಟ ಮಾತೇ ದೋಷಕ್ಕೆ ಗುರಿಯಾಗುತ್ತದೆ. ಆದುದರಿಂದ ಕಲ್ಪನೆ ಮಾತ್ರದಿಂದ ಪಾಪ ಬಾರದು. ಯಾವ ಕಲ್ಪನೆ, ಯಾವ ಭಾವದಿಂದ, ಯಾರ ಹೆಸರಿನಲ್ಲಿ ಎಂಬುದೇ ವಿಚಾರಣೀಯವಾದ ಅಂಶ.

ಈ ವಿಚಾರಕ್ಕೆ ಹತ್ತನೆಯ ಶತಮಾನದ ಒಬ್ಬ ತರುಣನ ಬಾಳು ಉತ್ತಮ ನಿದರ್ಶನವಾಗಿದೆ. ಘಟಪ್ರಭಾ ನದಿಯ ದಡದ ಮುದುವೊಳಲಿನಲ್ಲಿ, ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಕ್ರಿ.ಶ. 949ರ ಸೌಮ್ಯ ಸಂವತ್ಸರದಲ್ಲಿ ರನ್ನನು ಜನಿಸಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಕುಲವೃತ್ತಿ ಬಳೆಯ ವ್ಯಾಪಾರ. ರಾಜಾಸ್ಥಾನದ ನಂಟಾಗಲಿ ಪಂಡಿತವಂಶದ ಹಿನ್ನೆಲೆಯಾಗಲಿ ಬೆನ್ನಿಗಿಲ್ಲದ ಈ ತರುಣನು ವಿದ್ಯೆಯನ್ನು ಅರಸಿ ದಕ್ಷಿಣದ ಗಂಗರ ನಾಡಿಗೆ ನಡೆದು ಅಜಿತಸೇನಾಚಾರ್ಯರ ಶಿಷ್ಯನಾದನು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನ ಆಶ್ರಯವನ್ನು ಪಡೆದನು. ಅದು ಸ್ಥಿರವಾದ ಕಾಲವಾಗಿರಲಿಲ್ಲ. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರ ಪ್ರಭುತ್ವವನ್ನು ಕೊನೆಗಾಣಿಸಿ ಚಾಲುಕ್ಯ ಸಿಂಹಾಸನವನ್ನು ಮತ್ತೆ ಸ್ಥಾಪಿಸಿದಾಗ ರನ್ನನಿಗೆ ಇಪ್ಪತ್ತನಾಲ್ಕು ವರ್ಷ. ರಾಷ್ಟ್ರಕೂಟರ ಪಕ್ಷದಲ್ಲಿ ನಿಂತಿದ್ದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದನು. ಮುಂದೆ ರನ್ನನು ಅದೇ ತೈಲಪನ ಆಸ್ಥಾನವನ್ನು ಸೇರಿ ಕವಿಚಕ್ರವರ್ತಿಯೆಂಬ ಬಿರುದಿಗೆ ಪಾತ್ರನಾದನು. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಪೂರ್ಣಗೊಳಿಸಿದನು. ಪಂಪ, ಪೊನ್ನರೊಡನೆ ರತ್ನತ್ರಯರಲ್ಲಿ ಒಬ್ಬನೆಂದು ಇಂದಿಗೂ ಅವನು ಗಣ್ಯನಾಗಿದ್ದಾನೆ.

ಇಂತಹ ಬಾಳು ಕಥೆಗಾರನನ್ನು ಕೈಬೀಸಿ ಕರೆಯುವುದು ಸಹಜ. ಕನ್ನಡದಲ್ಲಿ ಈ ಮಾರ್ಗಕ್ಕೆ ಗೌರವದ ಪರಂಪರೆಯೂ ಇದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಮನೆಮನೆಯ ಪುಸ್ತಕವಾಯಿತು, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪುರಸ್ಕಾರ ಸಂದಿತು. ಬಳೆ ಮಾರುವ ಮನೆಯ ಹುಡುಗನು ಚಕ್ರವರ್ತಿಯ ಸಭೆಯವರೆಗೆ ನಡೆದ ಕಥೆಯು ಬಡ ವಿದ್ಯಾರ್ಥಿಯ ಎದೆಗೆ ಧೈರ್ಯವನ್ನು ತುಂಬುತ್ತದೆ. ರನ್ನನ ತಾರುಣ್ಯದ ವಿಷಯದಲ್ಲಿ ಕಾವ್ಯದ ಮಾತುಗಳು ಮಿತವಾಗಿವೆ. ಮುದುವೊಳಲಿನಿಂದ ಗುರುವಿನ ಪಾದದವರೆಗಿನ ಆ ಹಾದಿಯನ್ನು ತುಂಬಬೇಕಾದವನು ಕಥೆಗಾರನೇ. ಪರೀಕ್ಷೆಯಿರುವುದೂ ಅಲ್ಲಿಯೇ.

ಮೊದಲನೆಯ ಪ್ರಲೋಭನೆ ಶತ್ರುವಿನದು. ಹಿಂದುಳಿದ ಹುಡುಗನು ಎತ್ತರವಾಗಿ ಕಾಣಬೇಕಾದರೆ ಅವನನ್ನು ತುಳಿಯುವ ಕಾಲೊಂದು ಬೇಕೆಂದು ಕಥನತಂತ್ರವು ಬೇಡುತ್ತದೆ. ಆಗ ಕಥೆಗಾರನು ಆ ಕಾಲದ ಒಬ್ಬ ಪಂಡಿತನನ್ನೋ ದಂಡನಾಯಕನನ್ನೋ ಹೆಸರು ಹಿಡಿದು ಆರಿಸಿಕೊಂಡು, ಅವನು ಆಡದ ಕ್ರೂರವಾದ ಮಾತನ್ನು ಅವನಿಂದ ಆಡಿಸುತ್ತಾನೆ. ಓದುಗನು ಹುಡುಗನಿಗಾಗಿ ಕಣ್ಣೀರಿಡುತ್ತಾನೆ. ಪುಸ್ತಕವನ್ನು ಮುಚ್ಚಿದ ಮೇಲೂ ಆ ಹೆಸರಿನ ಮೇಲಿನ ಸಿಟ್ಟು ಅವನಲ್ಲಿ ಉಳಿಯುತ್ತದೆ. ಸತ್ತವನು ಎದ್ದು ಬಂದು ತಾನು ಹಾಗೆ ಮಾಡಲಿಲ್ಲವೆಂದು ಹೇಳಲಾರ.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ಸ್ಮರಣೀಯ. ಒಂದು ಕೂಟಲೇಖಕ್ರಿಯೆ: ಇನ್ನೊಬ್ಬನು ಹೇಳದ, ಮಾಡದ ಸಂಗತಿಯನ್ನು ಅವನ ಹೆಸರಿನಲ್ಲಿ ಬರೆಯುವುದು. ಇನ್ನೊಂದು ನ್ಯಾಸಾಪಹಾರ: ಇಟ್ಟವನು ಎಣಿಕೆಯನ್ನು ಮರೆತು ಕಡಿಮೆ ಕೇಳಿದಾಗ, ಹಾಗೆಯೇ ಆಗಲೆಂದು ಒಪ್ಪಿ ಉಳಿದುದನ್ನು ಇರಿಸಿಕೊಳ್ಳುವುದು. ಗತಿಸಿದವರ ಬಾಳು ನಮ್ಮಲ್ಲಿರುವ ನಿಕ್ಷೇಪವೇ ಸರಿ. ಅವರು ಎಣಿಸಿ ಕೇಳಲಾರರಾದ್ದರಿಂದ ಇಟ್ಟುಕೊಂಡವನ ಹೊಣೆ ಹಗುರವಾಗುವುದಿಲ್ಲ. ಅದು ಇಮ್ಮಡಿಯಾಗುತ್ತದೆ.

ಕಲ್ಪನೆಯ ಕ್ರೌರ್ಯದಿಂದ ಯಾರಿಗೂ ನೋವಿಲ್ಲವೆಂದು ಕೆಲವರು ಹೇಳಬಹುದು. ಆ ಮಾತಿಗೆ ಜನ್ನನು 1209ರಲ್ಲಿ ಕನ್ನಡದಲ್ಲಿ ಬರೆದ ಯಶೋಧರಚರಿತೆಯ ಕಥೆಯೇ ಉತ್ತರವಾಗಿದೆ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ಜೀವವಿರಲಿಲ್ಲ, ರಕ್ತವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ತಾಯಿಮಗನನ್ನು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಗೆ ಎಳೆಯಿತು. ಹಿಟ್ಟಿನ ಕೋಳಿಗೆ ಇಷ್ಟು ಬೆಲೆಯೆಂದಾದರೆ, ಒಂದು ಕಾಲದಲ್ಲಿ ಉಸಿರಾಡಿದ್ದ ಮನುಷ್ಯನ ಹೆಸರನ್ನು ದ್ವೇಷಕ್ಕೆ ಬಲಿಕೊಡುವ ಲೇಖನಿಗೆ ಏನೂ ಇಲ್ಲವೆನ್ನುವುದು ಹೇಗೆ?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವೇಳುತ್ತದೆ. ಮಧ್ಯಯುಗದ ಸಮಾಜದಲ್ಲಿ ಹುಟ್ಟನ್ನು ಹಿಡಿದು ಮನುಷ್ಯರನ್ನು ಅಳೆಯುವ ರೂಢಿ ಇರಲಿಲ್ಲವೇ? ಬಳೆಗಾರರ ಹುಡುಗನ ಹಾದಿಯುದ್ದಕ್ಕೂ ಹೂವು ಹಾಸಿತ್ತೆಂದು ಬರೆಯುವುದು ಇನ್ನೂ ದೊಡ್ಡ ಸುಳ್ಳಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ವಾಸ್ತವವಾಗಿ ಸಮಾಜದ ಪತ್ರಿಕೆಗಳೂ ಸಂಸ್ಥೆಗಳೂ ಹೆಚ್ಚು ಜಾಗರೂಕವಾಗಿರಬೇಕಾದದ್ದು ಈ ಎರಡನೆಯ ಸುಳ್ಳಿನ ವಿಷಯದಲ್ಲಿ. ತಮ್ಮ ಪೂರ್ವಿಕರ ಕಾಲವೆಲ್ಲ ಸುವರ್ಣಮಯವಾಗಿತ್ತೆಂದು ಕೇಳುವುದು ಕಿವಿಗೆ ಹಿತವಾದುದು. ಕಹಿಯನ್ನು ತೆಗೆದು ಸಿಹಿಯನ್ನು ಮಾತ್ರ ಹಿಂದಿರುಗಿಸುವುದೂ ನ್ಯಾಸಾಪಹಾರವೇ ಆಗುತ್ತದೆ. ಅಲ್ಲಿ ಅಪಹೃತವಾಗುವುದು ಹೆಸರಿಲ್ಲದವರ ನೋವು.

ಆದರೆ ಒಂದು ಕಾಲದ ದೋಷವನ್ನು ತೋರಿಸುವುದಕ್ಕೂ ಒಬ್ಬ ವ್ಯಕ್ತಿಯ ಮೇಲೆ ದೋಷವನ್ನು ಹೊರಿಸುವುದಕ್ಕೂ ಅಂತರವಿದೆ. ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿದ ಹೆಸರಿಲ್ಲದ ಉಪಾಧ್ಯಾಯನೊಬ್ಬನನ್ನು ಕಥೆಗಾರನು ಸೃಷ್ಟಿಸಲಿ. ಬಳೆಗಾರನಿಗೆ ವ್ಯಾಕರಣವೇಕೆಂದು ನಗುವ ದಾರಿಹೋಕನನ್ನು ಸೃಷ್ಟಿಸಲಿ. ಓದುಗನು ಅಲ್ಲಿ ಆ ಯುಗವನ್ನು ಕಾಣುತ್ತಾನೆ. ತನ್ನ ಯುಗವನ್ನೂ ಕಾಣಬಹುದು. ಚರಿತ್ರೆಯಲ್ಲಿ ಹೆಸರುಳ್ಳವನ ಹಣೆಗೆ ಆಧಾರವಿಲ್ಲದ ಕಳಂಕವನ್ನು ಹಚ್ಚುವಾಗ ಮಾತ್ರ ವ್ರತವು ಕೆಡುತ್ತದೆ.

ಎರಡನೆಯ ಪ್ರಲೋಭನೆ ಇನ್ನೂ ಸೂಕ್ಷ್ಮವಾದುದು. ತರುಣನು ಒಬ್ಬಂಟಿಯಾಗಿ ಏರಿದನೆಂದು ಬರೆದಷ್ಟೂ ಕಥೆಗೆ ಬಿಗಿ ಬರುತ್ತದೆ. ಸಹಾಯ ಮಾಡಿದವರನ್ನು ಒಬ್ಬೊಬ್ಬರನ್ನಾಗಿ ಅಳಿಸಿದರೆ ನಾಯಕನ ನೆರಳು ಉದ್ದವಾಗುತ್ತದೆ. ರನ್ನನ ನಡತೆ ಇದಕ್ಕೆ ನೇರವಾಗಿ ವಿರುದ್ಧವಾಗಿದೆ. ಅವನು ತನ್ನ ಕುಲವನ್ನು ಮುಚ್ಚಿಡಲಿಲ್ಲ. ಕವಿಚಕ್ರವರ್ತಿಯಾದ ಮೇಲೆಯೂ ತಂದೆತಾಯಿಯರ ಹೆಸರನ್ನು ಕಾವ್ಯದಲ್ಲಿ ಸ್ಮರಿಸಿದನು. ಆಶ್ರಯವಿತ್ತವರ ಉಪಕಾರವನ್ನು ಅವನು ಮಾತಿನಲ್ಲಿ ನೆನೆದು ಅಷ್ಟಕ್ಕೇ ತೃಪ್ತನಾಗಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ದಿನಕ್ಕೆ ಹತ್ತು ಬಾರಿ ಮಕ್ಕಳನ್ನು ಕೂಗುವಾಗಲೆಲ್ಲ ಋಣವು ನಾಲಿಗೆಯ ಮೇಲೆ ಬರುವಂತೆ ಮಾಡಿಕೊಂಡ ಕೃತಜ್ಞತೆಯಿದು. ಇದನ್ನು ಬಿಟ್ಟು ರನ್ನನ ಕಥೆಯನ್ನು ಬರೆದರೆ ರನ್ನನೇ ಅಲ್ಲಿ ಇರುವುದಿಲ್ಲ.

ಆ ಸಹಾಯದ ಸ್ವರೂಪವನ್ನೂ ಅರಿಯಬೇಕು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನದ ಫಲವು ಕೊಟ್ಟವನ ಕಣ್ಣಿಗೆ ಬೇಗ ಬೀಳುವುದಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳು. ಲಕ್ಕುಂಡಿಯ ಬಸದಿಯಲ್ಲಿರುವ 1007ರ ಶಾಸನವು ಅವಳ ಗುಣವನ್ನು ಸಾರುತ್ತದೆ. ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ತಾನೂ 978ರಲ್ಲಿ ಗದ್ಯಪುರಾಣವನ್ನು ರಚಿಸಿದನು. ಶಿಲೆಗೆ ರೂಪ ಕೊಡಿಸಿದ ಇವರಿಬ್ಬರೂ ಬಳೆಗಾರರ ಮನೆಯ ಮಗನೊಬ್ಬನಲ್ಲಿದ್ದ ರೂಪವನ್ನೂ ಕಂಡರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೆತ್ತಿರುವ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳು ರನ್ನನವೇ ಎಂದು ವಿದ್ವಾಂಸರು ಭಾವಿಸುತ್ತಾರೆ. ದೊಡ್ಡಬೆಟ್ಟದ ಮಹಾಮೂರ್ತಿಗೂ ಈ ಕೆಲವೇ ಅಕ್ಷರಗಳಿಗೂ ಹಿನ್ನೆಲೆಯಲ್ಲಿರುವುದು ಒಂದೇ ಔದಾರ್ಯ.

ಇನ್ನು ಎದುರಾಳಿಯನ್ನು ಹೇಗೆ ಚಿತ್ರಿಸಬೇಕೆಂಬುದನ್ನು ರನ್ನನೇ ತೋರಿಸಿಕೊಟ್ಟಿದ್ದಾನೆ. ಗದಾಯುದ್ಧದಲ್ಲಿ ಅವನ ನಾಯಕನು ಭೀಮ. ಆಶ್ರಯದಾತನ ಮಗನಾದ ಸತ್ಯಾಶ್ರಯನೊಡನೆ ಸಮೀಕರಿಸಲ್ಪಟ್ಟ ಭೀಮ. ದುರ್ಯೋಧನನನ್ನು ಕ್ಷುದ್ರನಾಗಿಸಿದ್ದರೆ ರಾಜಸಭೆಯಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಕವಿಯು ಹಾಗೆ ಮಾಡಲಿಲ್ಲ. ಹೆಣಗಳ ನಡುವೆ ನಡೆಯುವ ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವಿನ ಎದುರು ನಿಂತು ಅವನ ಪರಾಕ್ರಮಕ್ಕೆ ಮನಸಾರೆ ತಲೆಬಾಗುತ್ತಾನೆ, ಕರ್ಣನಿಗಾಗಿ ಶೋಕಿಸುತ್ತಾನೆ. ಸೋಲುವವನಿಗೂ ಅಂತರಂಗವಿದೆಯೆಂದು ಬಲ್ಲ ಕವಿಯ ಬಾಳನ್ನು, ಅಂತರಂಗವಿಲ್ಲದ ಖಳರನ್ನು ಕಟ್ಟಿ ಬರೆಯುವುದು ಕವಿಗೆ ಸಲ್ಲುವ ಗೌರವವಾಗಲಾರದು.

ಕಿರಿಯ ಓದುಗನು ಕಥೆಯಿಂದ ಏನನ್ನು ಒಯ್ಯುತ್ತಾನೆಂಬುದು ಕೊನೆಯ ಮಾನದಂಡ. ತುಳಿದವರನ್ನು ತುಳಿದು ಮೇಲೇರಿದ ನಾಯಕನನ್ನು ಕಂಡ ಬಾಲಕನು ತನ್ನನ್ನು ಹೀಯಾಳಿಸಿದವರ ಪಟ್ಟಿಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಹುಟ್ಟನ್ನು ಮರೆಮಾಡದೆ, ಹಗೆಯನ್ನು ಬೆಳೆಸದೆ, ಉಪಕಾರವನ್ನು ಮರೆಯದೆ ಬೆಳೆದವನನ್ನು ಕಂಡ ಬಾಲಕನು ಓದಲು ಕುಳಿತುಕೊಳ್ಳುತ್ತಾನೆ. ಜಿನನೆಂದರೆ ಗೆದ್ದವನು, ಆ ಗೆಲವು ಪರರ ಮೇಲಿನದಲ್ಲವೆಂಬುದು ಬಸದಿಗೆ ಹೋಗುವ ಪ್ರತಿಯೊಂದು ಮಗುವಿಗೂ ಕಥೆಯ ಮೂಲಕವೇ ಮೊದಲು ತಿಳಿಯಬೇಕು.

ಮಕ್ಕಳಿಗಾಗಿ ಚರಿತ್ರೆಯ ಕಥೆಗಳನ್ನು ಅಚ್ಚು ಹಾಕಿಸುವ ಬಸದಿಯ ಟ್ರಸ್ಟುಗಳು ಒಂದು ಸಣ್ಣ ನಿಯಮವನ್ನು ಪಾಲಿಸಬಹುದು. ಪುಸ್ತಕದ ಕೊನೆಯ ಪುಟದಲ್ಲಿ, ಇಷ್ಟು ಶಾಸನ ಕಾವ್ಯಗಳಿಂದ ತಿಳಿದದ್ದು, ಇಷ್ಟು ಕಥೆಗಾರನ ಕಲ್ಪನೆ ಎಂದು ಬೇರ್ಪಡಿಸಿ ಹೇಳಿದರೆ ನಿಕ್ಷೇಪದ ಲೆಕ್ಕ ಒಪ್ಪಿಸಿದಂತಾಗುತ್ತದೆ. ಕಥೆಯ ಸವಿಯೂ ಕೆಡದು. ಪುಸ್ತಕವನ್ನು ಹಂಚುವ ಕೈಗಳಿಗೆ ಇನ್ನೊಂದು ಕರ್ತವ್ಯವೂ ಉಂಟು. ಬಳೆ ಮಾರುವವರ, ಕೂಲಿಗೆ ಹೋಗುವವರ, ಸಣ್ಣ ಅಂಗಡಿಯವರ ಮನೆಗಳಲ್ಲಿ ಓದಬಯಸುವ ಮಕ್ಕಳು ಇಂದಿಗೂ ಇದ್ದಾರೆ. ರನ್ನನ ಕಥೆಗೆ ಕಣ್ಣೀರಿಟ್ಟು, ಶುಲ್ಕಕ್ಕಾಗಿ ಬಾಗಿಲಿಗೆ ಬಂದ ಹುಡುಗನನ್ನು ನಾಳೆ ಬಾ ಎಂದು ಕಳುಹಿಸಿದರೆ, ಕಥೆಗಾರನು ಸೃಷ್ಟಿಸಿದ ಆ ಹೆಸರಿಲ್ಲದ ಉಪಾಧ್ಯಾಯನಿಗೆ ಹೆಸರು ಕೊಟ್ಟವರು ನಾವೇ ಆಗುತ್ತೇವೆ.