ಬರಕೋಬ್ಯಾಡ್ರಿ ಅಂದ ಮಾತು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ, ಅದನ್ನು ಕೆಳಗಿಳಿಸಿ ಧೂಳು ಒರೆಸಿ ಮತ್ತೆ ಮೇಲಿಡುತ್ತೇನೆ. ಅದರಲ್ಲಿ ನನ್ನ ಮದುವೆಯ ಸೀರೆಯಿದೆ ಎಂದು ಸೊಸೆ ಬಹಳ ದಿನ ತಿಳಿದಿದ್ದಳು. ಇರುವುದು ಏಳು ನೋಟುಬುಕ್ಕುಗಳು. 1989ರಲ್ಲಿ ಎಂ.ಫಿಲ್. ಪ್ರಬಂಧಕ್ಕಾಗಿ ನಮ್ಮೂರ ನೇಕಾರರ ಓಣಿಯಲ್ಲಿ ಮನೆಮನೆ ತಿರುಗಿದ್ದೆ. 60 ಚಿಲ್ಲರೆ ಹೆಣ್ಣುಮಕ್ಕಳ ಬಸಿರು, ಬಾಣಂತನ, ಉಳಿದ ಕೂಸು, ಹೋದ ಕೂಸು ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು ಮನೆಗೆ ಬಂದಳು. ಅವಳೂ ಈಗ ಸಂಶೋಧನೆಗೆ ತೊಡಗಿದ್ದಾಳೆ. ಅದೇ ಓಣಿ, ಅವೇ ಪ್ರಶ್ನೆ, ಮೂವತ್ತು ವರ್ಷಗಳಾಚೆ.

"ಮೇಡಂ, ಆ ನೋಟುಬುಕ್ಕು ಕೊಟ್ಟರ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಾಗ ಎಲ್ಲಾರಿಗೂ ಸಿಗೂಹಂಗ ಇಡತೀನ್ರಿ. ಈಗ ಲೇಖನ ಅಚ್ಚಾಗಬೇಕಂದ್ರ ಅದರ ಮೂಲ ಮಾಹಿತೀನೂ ತೆರೆದಿಡ್ರಿ ಅಂತ ಭಾಳ ಪತ್ರಿಕೆಯವರು ಕೇಳತಾರ" ಎಂದಳು.

ಚಹಾ ಕೊಟ್ಟೆ. ಎರಡು ದಿನ ಬಿಟ್ಟು ಹೇಳುತ್ತೇನೆಂದೆ.

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಮೆಂಡೆಲ್‌ನ ಕಥೆಯನ್ನೇ ನೋಡಿ. ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಪಾದ್ರಿ. 1866ರಲ್ಲಿ ಅವನ ಲೇಖನ ಅಚ್ಚಾಯಿತು. 1884ರಲ್ಲಿ ಅವನು ತೀರಿಕೊಂಡ ಮೇಲೆ ಮಠದಲ್ಲಿ ಅವನ ಕಾಗದಪತ್ರಗಳನ್ನು ಸುಟ್ಟುಹಾಕಿದರು. 1936ರಲ್ಲಿ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ, ಮೆಂಡೆಲ್‌ನ ಅಂಕಿಗಳು ಸಿದ್ಧಾಂತಕ್ಕೆ ಅತಿಯಾಗಿ ಹೊಂದುತ್ತವೆ, ನಿಜವಾಗಿ ಎಣಿಸಿದರೆ ಇಷ್ಟು ಅಚ್ಚುಕಟ್ಟಾಗಿ ಬರುವುದು ಕಷ್ಟ ಎಂದ. ಯಾರೋ ತಿದ್ದಿದರೇ? ಎಣಿಸುವವರು ಎಡವಿದರೇ? ತೆರೆದು ನೋಡಲು ನೋಟುಬುಕ್ಕಿಲ್ಲ. ನಿಯಮ ಸರಿಯಿದ್ದರೂ ಮನುಷ್ಯನ ಮೇಲೆ ಸಂಶಯ ಉಳಿಯಿತು. ಕಿರಾಣಿ ಅಂಗಡಿಯ ಚೀಟಿಯನ್ನೂ ತಿಂಗಳ ಲೆಕ್ಕ ಮುಗಿಯುವ ತನಕ ಜೋಪಾನ ಮಾಡುವ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಕೊಡಲು ನನಗೇನಡ್ಡಿ? ಅಡ್ಡಿ ನಾಲ್ಕನೆಯ ನೋಟುಬುಕ್ಕಿನಲ್ಲಿತ್ತು.

ಆ ಓಣಿಯ ಒಬ್ಬ ಹೆಣ್ಣುಮಗಳು, ಆಗಿನ್ನೂ ಚಿಕ್ಕ ವಯಸ್ಸು, ಮಗ್ಗದ ಸದ್ದಿನ ಮರೆಯಲ್ಲಿ ನನ್ನ ಹತ್ತಿರ ಸರಿದು ಹೇಳಿದ್ದಳು. ಎರಡು ಹೆಣ್ಣಾದ ಮೇಲೆ ಮೂರನೆಯ ಬಸಿರನ್ನು ಅವಳು ಡಾಕ್ಟರ ಹತ್ತಿರ ಹೋಗಿ ತೆಗೆಸಿದ್ದಳು. ಗಂಡನಿಗೂ ಗೊತ್ತಿಲ್ಲ. 1971ರ ಕಾನೂನು ಇಂಥದಕ್ಕೆ ಅವಕಾಶ ಕೊಟ್ಟಿತ್ತು. ಅವಳ ಮನೆ ಕೊಡುವ ಹಾಗಿರಲಿಲ್ಲ. "ಅಕ್ಕೋರ, ಇದನ್ನ ಬರಕೋಬ್ಯಾಡ್ರಿ. ನಮ್ಮತ್ತಿಗೆ ತಿಳಿದ್ರ ನನ್ನ ಮನ್ಯಾಗ ಇಟ್ಟುಕೊಳ್ಳಂಗಿಲ್ಲ" ಎಂದಳು. ನಾನು ಅವಳೆದುರು ಪೆನ್ನಿನ ಟೊಪ್ಪಿಗೆ ಹಾಕಿದೆ.

ಆದರೆ ಆ ರಾತ್ರಿ ಮನೆಯಲ್ಲಿ ಕೂತು ಅದನ್ನೆಲ್ಲ ಬರೆದಿಟ್ಟೆ. ಪ್ರಬಂಧದ ಕೋಷ್ಟಕದಲ್ಲಿ ಅವಳದೂ ಒಂದು ಲೆಕ್ಕವಾಗಿ ಸೇರಿತು. ಯಾರಿಗೂ ಗೊತ್ತಾಗದ ನನ್ನ ಕಳ್ಳತನ ಅದು. ಈಗ ಆ ಪುಟ ಹರಿದರೆ ಕೋಷ್ಟಕಕ್ಕೂ ನೋಟುಬುಕ್ಕಿಗೂ ತಾಳೆಯಾಗುವುದಿಲ್ಲ. ಹರಿಯದೆ ಕೊಟ್ಟರೆ ಅವಳ ಮಾತು ಊರ ಮುಂದೆ ಬರುತ್ತದೆ. ಸತ್ಯಕ್ಕೆ ನಡೆದುಕೊಳ್ಳಲೋ, ನಂಬಿಕೆಗೆ ನಡೆದುಕೊಳ್ಳಲೋ?

ಆಗ ನೆನಪಾದವಳು ಅಮೆರಿಕದ ಬಾಲ್ಟಿಮೋರಿನಲ್ಲಿ ಸತ್ತ ಹೆನ್ರಿಯೆಟ್ಟಾ ಲ್ಯಾಕ್ಸ್. ಕಪ್ಪು ಜನರ ಬಡ ಮನೆಯವಳು, ಐದು ಮಕ್ಕಳ ತಾಯಿ. 1951ರಲ್ಲಿ, 31ನೆಯ ವಯಸ್ಸಿಗೇ, ಗರ್ಭಕೊರಳಿನ ಕ್ಯಾನ್ಸರಿನಿಂದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ಕೇಳದೆಯೇ ಗಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವು ಬಳಕೆಯಾದವು. ಅವಳ ಮಕ್ಕಳಿಗೆ ಇಪ್ಪತ್ತು ವರ್ಷ ಏನೂ ತಿಳಿದಿರಲಿಲ್ಲ. 2013ರ ಮಾರ್ಚಿನಲ್ಲಿ ಜರ್ಮನಿಯ ವಿಜ್ಞಾನಿಗಳು ಆ ಕೋಶಗಳ ವಂಶವಾಹಿ ಬರಹವನ್ನೆಲ್ಲ ಓದಿ, ಪ್ರಪಂಚದ ಯಾರಾದರೂ ನೋಡುವಂತೆ ತೆರೆದಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ತೆರೆದಿಡುವುದೇ ಒಳ್ಳೆಯ ಪದ್ಧತಿಯೆಂದು. ಆದರೆ ತಾಯಿಯ ಬರಹದಲ್ಲಿ ಮಕ್ಕಳ, ಮೊಮ್ಮಕ್ಕಳ ಬರಹವೂ ಇರುತ್ತದಲ್ಲವೇ? ಮನೆಯವರು ನೊಂದರು. ವಿಜ್ಞಾನಿಗಳು ಅದನ್ನು ಹಿಂತೆಗೆದುಕೊಂಡರು. ಅದೇ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಆ ಕುಟುಂಬದೊಡನೆ ಒಂದು ಒಪ್ಪಂದಕ್ಕೆ ಬಂತು. ಮಾಹಿತಿಯನ್ನು ಸುಡಲಿಲ್ಲ, ಬೀದಿಗೂ ಹಾಕಲಿಲ್ಲ. ಬೇಕಾದವರು ಅರ್ಜಿ ಹಾಕಬೇಕು. ಅದನ್ನು ನೋಡುವ ಸಮಿತಿಯಲ್ಲಿ ಅವಳ ಮನೆಯವರಿಬ್ಬರೂ ಕೂರುತ್ತಾರೆ.

ಅರವತ್ತು ವರ್ಷ ಯಾರೂ ಮಾಡದ ಕೆಲಸ ಒಂದೇ ಇತ್ತು, ಮನೆಯವರನ್ನು ಕೇಳುವುದು. ಅದನ್ನು ನಾನಾದರೂ ಮಾಡಬಹುದಿತ್ತು.

ನೇಕಾರರ ಓಣಿಗೆ ಹೋದೆ. ಅವಳೀಗ ಅಜ್ಜಿ. ಗುರುತು ಹಿಡಿದು ಕೈಹಿಡಿದು ಒಳಗೆ ಕರೆದಳು. ಸೊಸೆ ಕೊಡ ಹಿಡಿದು ನೀರಿಗೆ ಹೋಗುವ ತನಕ ಕಾದು, ಇದ್ದದ್ದನ್ನೆಲ್ಲ ಹೇಳಿದೆ, ನಾನು ಬರೆದದ್ದನ್ನೂ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ.

"ನಾ ಬ್ಯಾಡಂದಿದ್ದೆ ಅಲ್ರೀ ಅಕ್ಕೋರ" ಎಂದಳು.

"ಹೌದವ್ವಾ, ತಪ್ಪಾತು" ಎಂದೆ. ನಿಮ್ಮತ್ತೆ ಈಗ ಇಲ್ಲವಲ್ಲ ಎಂದು ಮೆಲ್ಲಗೆ ಸೇರಿಸಿದೆ.

"ಅತ್ತಿ ಹೋಗಿ ಭಾಳ ವರ್ಷ ಆತು. ಆದ್ರ ಈಗ ಸೊಸಿ ಬಂದಾಳಲ್ರೀ" ಎಂದು ನಕ್ಕಳು. ಮತ್ತೆ ತಾನೇ ಹೇಳಿದಳು: "ಲೆಕ್ಕದಾಗ ಇರಲಿ. ನನ್ನಂಥಾಕಿ ಒಬ್ಬಾಕಿ ಇದ್ಲು ಅಂತ ತಿಳೀಲಿ. ಕಥಿ ಬ್ಯಾಡ."

ಹೆಸರು ಅಳಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. 1997ರ ಸುಮಾರಿಗೆ ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ, ಹೆಸರು ತೆಗೆದು ಹಂಚಿದ್ದ ಆಸ್ಪತ್ರೆಯ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ, ಹುಟ್ಟಿದ ದಿನ, ಲಿಂಗ, ಪಿನ್‌ಕೋಡು ಇಷ್ಟರಿಂದಲೇ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರರ ದಾಖಲೆಯನ್ನೇ ಹುಡುಕಿ ತೆಗೆದಳು. ನಮ್ಮ ಓಣಿಯಲ್ಲಂತೂ ಇಷ್ಟೂ ಬೇಕಿಲ್ಲ. ಎರಡು ಹೆಣ್ಣು, ಒಂದು ಗಂಡು, ಮೂಲೆ ಮನೆ ಎಂದರೆ ನಲ್ಲಿಯ ಹತ್ತಿರ ನಿಂತವರೆಲ್ಲ ಹೆಸರು ಹೇಳಿಬಿಡುತ್ತಾರೆ.

ಆ ಹುಡುಗಿಯೂ ನಾನೂ ಮೂರು ತಿಂಗಳು ಕೂತೆವು. ನಾನು ಕೇಳಿದ ಪ್ರಶ್ನೆಗಳು, ಯಾರನ್ನು ಹೇಗೆ ಆರಿಸಿದೆ ಎಂಬುದು, ಎಣಿಕೆಯ ಪಟ್ಟಿಗಳು, ಇವೆಲ್ಲ ಈಗ ತೆರೆದಿವೆ. ವಯಸ್ಸನ್ನು ಹತ್ತತ್ತು ವರ್ಷದ ಗುಂಪಾಗಿ ಮಾಡಿದೆವು. ಮನೆಯ ಗುರುತು ತೆಗೆದೆವು. ನೋಟುಬುಕ್ಕುಗಳು ಬೀಗದಲ್ಲಿವೆ, ನೋಡಬೇಕೆನ್ನುವವರು ಕಾರಣ ಬರೆದು, ಗುಟ್ಟು ಕಾಯುವ ಮಾತು ಕೊಟ್ಟು ನೋಡಬೇಕು. ನಾಲ್ಕನೆಯ ನೋಟುಬುಕ್ಕಿನ ಆ ಪುಟಕ್ಕೆ ಮಾತ್ರ ಕಾಗದ ಅಂಟಿಸಿ, ಪಟ್ಟಿಯ ಕೆಳಗೆ ಹೀಗೆ ಬರೆದೆ: ಇಲ್ಲಿಯ ಒಂದು ವಿವರವನ್ನು ಹೇಳಿದವರು ಬರೆಯಬೇಡವೆಂದಿದ್ದರು, ಸಂಶೋಧಕಿ ಬರೆದದ್ದು ತಪ್ಪು, ಎಣಿಕೆಯಲ್ಲಿ ಉಳಿಸಲು ಆಮೇಲೆ ಅವರ ಒಪ್ಪಿಗೆ ಪಡೆಯಲಾಗಿದೆ, ವಿವರ ಯಾರಿಗೂ ಸಿಗದು.

"ನಿಮ್ಮ ತಪ್ಪನ್ನ ನೀವ ಬರದು ಇಡಬೇಕೇನ್ರಿ ಮೇಡಂ?" ಎಂದು ಹುಡುಗಿ ಕೇಳಿದಳು.

ಇಡಬೇಕೆಂದೆ. ಊರ ಹೆಣ್ಣುಮಕ್ಕಳ ಬದುಕನ್ನೆಲ್ಲ ಬಿಚ್ಚಿ ಬರೆದವಳು ತನ್ನದೊಂದನ್ನೇ ಮುಚ್ಚಿಟ್ಟರೆ ಆ ಲೆಕ್ಕ ಸರಿಯಾಗುವುದಿಲ್ಲ.